ಕುದುರೆಮುಖಕ್ಕೆ ಹೊರಡುವ ಮುನ್ನ



ನಮ್ಮ ಗಾವಡಗೆರೆಗೆ ನಾಗರಹೊಳೆ ಹತ್ತಿರ. ಆದರೂ ಬೆಟ್ಟದ ಫೋಟೋ ಬೇಕೆಂದರೆ ಹಾಸನ, ಮೂಡಿಗೆರೆ ದಾಟಿ ಕುದುರೆಮುಖಕ್ಕೇ ಹೋಗಬೇಕು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. ಶಿಖರದ ಎತ್ತರ ಸುಮಾರು 1,894 ಮೀಟರ್. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವವರೆಗೂ ಬಸ್ಸು ಹತ್ತಬೇಡಿ.

ಮಳೆಗಾಲದಲ್ಲಿ ಹುಲ್ಲುಗಾವಲು ಹಸಿರೇನೋ ಹೌದು, ಆದರೆ ಮಂಜು ಮುಸುಕಿ ದಿನವಿಡೀ ಏನೂ ಕಾಣದೆ ಹೋಗಬಹುದು. ಜಿಗಣೆ ಕಾಟ ಬೇರೆ. ಅಕ್ಟೋಬರ್ ಕಳೆದ ಮೇಲೆ ಹೋಗುವುದು ಲೇಸು. ಬಿಳಿ ಮಂಜನ್ನು ಕ್ಯಾಮರಾ ಬೂದು ಮಾಡುತ್ತದೆ, ಒಂದು ಸ್ಟಾಪ್ ಬೆಳಕು ಹೆಚ್ಚಿಸಿ.

ಅಲ್ಲಿನ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಉಳಿದ ಕಾಡಿನಲ್ಲಿ ಸಿಂಗಳೀಕಗಳಿವೆ. ಫೋಟೋಗಾಗಿ ಅವಕ್ಕೆ ಬಿಸ್ಕತ್ತು ತೋರಿಸಬೇಡಿ; ರುಚಿ ಹತ್ತಿದ ಪ್ರಾಣಿ ರಸ್ತೆಗಿಳಿದು ವಾಹನದಡಿ ಸಿಕ್ಕಿಬಿಡುತ್ತದೆ.