ಬೀಗಕ್ಕೆ ನೋವಾಗದಂತೆ

ಬೀಗದ ಕೈ ಇಲ್ಲದೆ ಬೀಗ ತೆಗೆಯುವುದು ನನ್ನ ಹವ್ಯಾಸವೆಂದು ಹೇಳಿದರೆ, ಕೇಳಿದವರು ಮೊದಲು ತಮ್ಮ ಮನೆಯ ಬಾಗಿಲನ್ನು ನೆನೆಯುತ್ತಾರೆ. ಆಮೇಲೆ ನನ್ನ ಮುಖವನ್ನು ನೋಡುತ್ತಾರೆ. ಅದು ಅವರ ತಪ್ಪಲ್ಲ. ಕಳ್ಳನಿಗೂ ನನಗೂ ಇರುವ ವ್ಯತ್ಯಾಸ ಮುಖದ ಮೇಲೆ ಬರೆದಿರುವಂಥದಲ್ಲ. ಆದರೆ ಚದುರಂಗದಂತೆ, ಪದಬಂಧದಂತೆ ಇದನ್ನೂ ಬುದ್ಧಿಗೆ ಒಂದು ವಿನೋದವೆಂದು ಬಗೆದವರು ಹಲವು ದೇಶಗಳಲ್ಲಿದ್ದಾರೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1997ರಲ್ಲಿ ಇಂಥವರ ಸಂಘವೊಂದು ಹುಟ್ಟಿತು. ಈ ಹವ್ಯಾಸಿಗಳು ಪಾಲಿಸುವ ನಿಯಮಗಳು ಎರಡು. ನಿನ್ನದಲ್ಲದ ಬೀಗಕ್ಕೆ ಕೈ ಹಚ್ಚಬೇಡ. ನೀನು ನಂಬಿಕೊಂಡಿರುವ ಬೀಗಕ್ಕೂ ಕೈ ಹಚ್ಚಬೇಡ. ಮೊದಲನೆಯದರ ಅರ್ಥ ಯಾರಿಗಾದರೂ ಹೊಳೆಯುತ್ತದೆ. ಎರಡನೆಯದರ ಅರ್ಥ ನನಗೆ ಹೊಳೆಯಬೇಕಾದರೆ ನಮ್ಮ ತಂದೆಯವರ ಪೆಟ್ಟಿಗೆಯ ಬೀಗವೊಂದು ಹಾಳಾಗಬೇಕಾಯಿತು.

ಅದು ಹಿತ್ತಾಳೆಯ ಬೀಗ. ಕೈಯಲ್ಲಿ ಹಿಡಿದರೆ ತೂಕವಿತ್ತು. ಮುಚ್ಚಿದರೆ ಕೇಳುವ ಸದ್ದಿನಲ್ಲಿ ಒಂದು ಘನತೆಯಿತ್ತು. ನಾನು ಈ ವಿದ್ಯೆಯನ್ನು ಕಲಿಯತೊಡಗಿದ ಹೊಸತರಲ್ಲಿ ಮಧ್ಯಾಹ್ನದ ಹೊತ್ತು ಅದನ್ನು ಪೆಟ್ಟಿಗೆಯಿಂದ ಬಿಡಿಸಿ ತಂದು, ಸಾಯಂಕಾಲದೊಳಗೆ ಮತ್ತೆ ಅಲ್ಲಿಯೇ ಸಿಕ್ಕಿಸಿಡುತ್ತಿದ್ದೆ. ಒಂದು ದಿನಕ್ಕೆ ಮೂವತ್ತು ಸಲ, ನಲವತ್ತು ಸಲ ತೆಗೆದದ್ದುಂಟು. ಬೇಗ ತೆಗೆದಷ್ಟೂ ಹೆಮ್ಮೆ. ಒಳಗೆ ಏನಾಗುತ್ತಿದೆಯೆಂಬ ಯೋಚನೆಯೇ ನನಗೆ ಬರಲಿಲ್ಲ.

ಒಳಗೆ ಆಗುವುದು ಇಷ್ಟು. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಎಂಬಾತ ರೂಢಿಗೆ ತಂದ ಮಾದರಿಯ ಬೀಗಗಳಲ್ಲಿ, ಬೀಗದ ಕೈ ಹೋಗುವ ಚಿಕ್ಕ ಉರುಳೆಯೊಂದಿರುತ್ತದೆ. ಅದರ ಮೇಲೆ ಸಾಲಾಗಿ ಐದಾರು ತೂತುಗಳು. ಒಂದೊಂದರಲ್ಲಿಯೂ ಎರಡು ತುಂಡಾದ ಪಿನ್ನು, ಅದನ್ನು ಕೆಳಕ್ಕೆ ಒತ್ತುವ ಕೂದಲೆಳೆಯಂಥ ಸ್ಪ್ರಿಂಗು. ಎರಡು ತುಂಡುಗಳ ನಡುವಣ ಸಂದು ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಂತರೆ ಉರುಳೆ ತಿರುಗುತ್ತದೆ. ಬೀಗದ ಕೈ ಎಲ್ಲ ಪಿನ್ನುಗಳನ್ನೂ ಒಮ್ಮೆಗೇ ಆ ಎತ್ತರಕ್ಕೆ ತರುತ್ತದೆ. ನಾವಾದರೋ ತೆಳುವಾದ ಉಕ್ಕಿನ ಪಟ್ಟಿಯಿಂದ ಉರುಳೆಯನ್ನು ಕೊಂಚ ತಿರುವಿ ಹಿಡಿದು, ಇನ್ನೊಂದು ಕಡ್ಡಿಯಿಂದ ಪಿನ್ನುಗಳನ್ನು ಒಂದೊಂದಾಗಿ ಎತ್ತುತ್ತೇವೆ. ಕಡ್ಡಿ ಉಕ್ಕಿನದು, ಪಿನ್ನು ಹಿತ್ತಾಳೆಯದು. ಅವೆರಡೂ ಜಗಳವಾಡಿದರೆ ಸವೆಯುವುದು ಯಾವುದೆಂದು ಹೇಳಬೇಕಾಗಿಲ್ಲ.

ಒಂದು ದಿನ ತಂದೆಯವರಿಗೆ ಮನೆಯ ಕಾಗದಪತ್ರಗಳು ತುರ್ತಾಗಿ ಬೇಕಾದವು. ಬೀಗದ ಕೈ ಒಳಗೆ ಹೋಯಿತು, ತಿರುಗಲಿಲ್ಲ. ಅವರು ಹೊರತೆಗೆದು ಪಂಚೆಯ ತುದಿಯಿಂದ ಒರೆಸಿ ಮತ್ತೆ ಹಾಕಿದರು. ತಿರುಗಲಿಲ್ಲ. ನಾನು ಹಿಂದೆ ನಿಂತಿದ್ದೆ. ಕೊನೆಗೆ ಬೀಗ ರಿಪೇರಿಯವನು ಬಂದು ಗರಗಸದಿಂದ ಕೊಂಡಿಯನ್ನು ಕೊಯ್ದ. "ಪಾಪ, ಅದಕ್ಕೂ ವಯಸ್ಸಾಯಿತು" ಎಂದರು ತಂದೆಯವರು. ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.

ಅನಂತರ ಆ ಬೀಗವನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ಹರಡಿದೆ. ಪಿನ್ನುಗಳ ತುದಿಗಳು ಸವೆದು ಮೊಂಡಾಗಿದ್ದವು. ಉರುಳೆಯ ಸುತ್ತ ಹಿತ್ತಾಳೆಯ ನುಣ್ಣನೆಯ ಪುಡಿ. ಒಂದು ಸ್ಪ್ರಿಂಗು ಮಿತಿಮೀರಿ ಒತ್ತಿಸಿಕೊಂಡು, ಮುರುಟಿ, ತನ್ನ ಪಿನ್ನಿನ ಪಕ್ಕಕ್ಕೆ ಸಿಕ್ಕಿಹಾಕಿಕೊಂಡಿತ್ತು. ಅದು ವಯಸ್ಸಿನ ಲಕ್ಷಣವಲ್ಲ, ನನ್ನ ಕೈಯ ಗುರುತು.

ಅಂದಿನಿಂದ ನನ್ನ ಅಭ್ಯಾಸವೆಲ್ಲ ಗುಜರಿ ಅಂಗಡಿಯಿಂದ ತಂದ ಬೀಗಗಳ ಮೇಲೆ. ಅವುಗಳಿಗೂ ನಾನು ಕೆಲವು ಮರ್ಯಾದೆಗಳನ್ನು ಸಲ್ಲಿಸುತ್ತೇನೆ. ಉರುಳೆಯನ್ನು ತಿರುವುವ ಬೆರಳಿನ ಒತ್ತಡ ಆದಷ್ಟು ಹಗುರವಾಗಿರಬೇಕು. ಒತ್ತಡ ಹೆಚ್ಚಿದರೆ ಪಿನ್ನುಗಳು ಬಿಗಿದುಕೊಳ್ಳುತ್ತವೆ. ಬಿಗಿದ ಪಿನ್ನನ್ನು ಎತ್ತಲು ಕಡ್ಡಿಗೆ ಬಲ ಬೇಕಾಗುತ್ತದೆ. ಆ ಬಲವೇ ಅಂಚುಗಳನ್ನು ತಿನ್ನುತ್ತದೆ. ಪಿನ್ನು ಕದಲದಿದ್ದರೆ ಬಲವನ್ನು ಕೂಡಿಸಬಾರದು, ಕಳೆಯಬೇಕು. ಕಡ್ಡಿಯನ್ನು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆದಾಡುವುದು ಬೇಗ ಫಲ ಕೊಡಬಹುದು, ಆದರೆ ಬೀಗದ ಆಯುಸ್ಸನ್ನು ತಿನ್ನುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಕಡ್ಡಿಯ ಅಂಚಿನಲ್ಲಿ ಅರದ ಗೆರೆಗಳು ಉಳಿದಿದ್ದರೆ ನುಣುಪಾದ ಎಮರಿ ಕಾಗದದಿಂದ ಉಜ್ಜಿ, ಉಗುರಿನ ಮೇಲೆ ಎಳೆದರೂ ತೊಡಕಾಗದಂತೆ ಮಾಡಿಕೊಳ್ಳಬೇಕು. ಬೀಗಕ್ಕೆ ಅಡಿಗೆಯ ಎಣ್ಣೆ ಬಿಡುವ ಚಾಳಿ ನಮ್ಮಲ್ಲಿದೆ. ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಗ್ರಾಫೈಟಿನ ಒಣಪುಡಿ ಚಿಟಿಕೆಯಷ್ಟು ಸಾಕು. ಎಣ್ಣೆಯನ್ನೂ ಪುಡಿಯನ್ನೂ ಬೆರೆಸಿದರೆ ಕೆಸರೇ ಗತಿ. ಕೆಲವು ಬೀಗಗಳಲ್ಲಿ ಉರುಳೆ ಅರ್ಧ ಸುತ್ತು ತಿರುಗಿದಾಗ ಮೇಲಿನ ಪಿನ್ನುಗಳು ಬೀಗದ ಕೈ ಹೋಗುವ ಸೀಳಿನೊಳಕ್ಕೆ ಜಾರಿ ಕುಳಿತುಕೊಳ್ಳುತ್ತವೆ. ಆಗ ಬಲದಿಂದ ತಿರುಚಿದರೆ ಸ್ಪ್ರಿಂಗುಗಳು ಹಾಳಾದಂತೆಯೇ. ಚಪ್ಪಟೆಯಾದ ಪಟ್ಟಿಯಿಂದ ಅವನ್ನು ಮೆಲ್ಲನೆ ಮೇಲೆತ್ತಿಕೊಂಡು ಮುಂದುವರಿಯಬೇಕು. ಒಂದೇ ಬೀಗವನ್ನು ದಿನವೂ ಕಾಡದೆ ನಾಲ್ಕಾರನ್ನು ಸರದಿಯಲ್ಲಿ ಇಟ್ಟುಕೊಳ್ಳುವುದು ಲೇಸು. ಒಂದೇ ಬೀಗವನ್ನು ಬಹುಕಾಲ ತೆಗೆದರೆ ಬೀಗವೂ ಸಡಿಲವಾಗುತ್ತದೆ, ಅದು ಸಡಿಲವಾದುದನ್ನೇ ನಾವು ನಮ್ಮ ನಿಪುಣತೆಯೆಂದು ತಿಳಿಯುತ್ತೇವೆ.

ಈ ವಿದ್ಯೆಯ ಹಿರಿಯರಲ್ಲಿ ಒಬ್ಬನಾದ ಅಮೆರಿಕದ ಆಲ್‌ಫ್ರೆಡ್ ಹಾಬ್ಸ್, 1851ರಲ್ಲಿ ಮಹಾ ಪ್ರದರ್ಶನದ ಸಮಯಕ್ಕೆ ಲಂಡನ್ನಿಗೆ ಬಂದ. ಭೇದಿಸಲಾಗದೆಂದು ಹೆಸರಾಗಿದ್ದ ಚಬ್ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆಗೆದ. ಬ್ರಾಮಾ ಬೀಗಕ್ಕೆ ಅವನು ಪಟ್ಟ ಶ್ರಮ ಹದಿನಾರು ದಿನಗಳಲ್ಲಿ ಹರಡಿದ 51 ಗಂಟೆ. ಚಬ್ ಬೀಗ ತೆರೆದದ್ದನ್ನು ಕಣ್ಣಾರೆ ಕಂಡ ಸಾಕ್ಷಿಗಳು ಬರೆದುಕೊಟ್ಟ ಪತ್ರದಲ್ಲಿ, ಬೀಗ ತೆರೆಯಿತೆಂಬ ಮಾತಿನೊಡನೆ, ಅದಕ್ಕೆ ಯಾವ ಹಾನಿಯೂ ಆಗಿಲ್ಲವೆಂಬ ಮಾತೂ ಇತ್ತು. ಮೊದಲೆಲ್ಲ ನಾನು ಆ 25 ನಿಮಿಷಗಳನ್ನು ಕುರಿತು ಬೆರಗಾಗುತ್ತಿದ್ದೆ. ಈಗ ನನ್ನ ಬೆರಗು ಆ ಎರಡನೆಯ ಮಾತಿನ ಕಡೆಗೆ ತಿರುಗಿದೆ.

ತಂದೆಯವರ ಬೀಗ ಈಗಲೂ ನನ್ನ ಮೇಜಿನ ಮೇಲಿದೆ. ಇನ್ನೊಂದು ಬೀಗದಿಂದ ಪಿನ್ನುಗಳನ್ನೂ ಸ್ಪ್ರಿಂಗುಗಳನ್ನೂ ಆಯ್ದು, ಅಳತೆಗೆ ಅರದಿಂದ ತಿದ್ದಿ ಕೂಡಿಸಿದ್ದೇನೆ. ಅವರು ಬಳಸುತ್ತಿದ್ದ ಬೀಗದ ಕೈಯನ್ನೇ ಹಾಕಿ ತಿರುಗಿಸಿದರೆ ಉರುಳೆ ಸದ್ದಿಲ್ಲದೆ ತಿರುಗುತ್ತದೆ. ಕೊಂಡಿಯನ್ನು ಮಾತ್ರ ಹೊಸದಾಗಿ ಹಾಕಿಸಲಿಲ್ಲ; ಕೊಯ್ದ ಗುರುತು ಹಾಗೆಯೇ ಇದೆ. ಆ ಬೀಗಕ್ಕೆ ನಾನು ಮತ್ತೆ ಕಡ್ಡಿ ಹಾಕಿಲ್ಲ.