ಅಚ್ಚಿನೊಳಗೆ ನೀರು ಕಟ್ಟಿದ ಕಥೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ 8ರಿಂದ 10ನೇ ತರಗತಿಯವರೆಗೆ ಓದಿದವನು. ಆಮೇಲೆ ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಊರಿಗೆ ಬಂದಾಗಲೆಲ್ಲ ‘ಕಂಪ್ಯೂಟರಲ್ಲಿ ಏನಪ್ಪಾ ಕೆಲಸ ಮಾಡ್ತೀಯ?’ ಎಂದು ಕೇಳುತ್ತಾರೆ. ಇವತ್ತು ಅದನ್ನು ಹೇಳುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ.

ನೀವು ಕುಳಿತಿರುವ ಪ್ಲಾಸ್ಟಿಕ್ ಕುರ್ಚಿ, ಬಚ್ಚಲುಮನೆಯ ಮಗ್ಗು ಎಲ್ಲವೂ ಉಕ್ಕಿನ ಅಚ್ಚಿನಿಂದ ಬರುತ್ತವೆ. ಕಾರ್ಖಾನೆಯವರು ಅದನ್ನು ಮೋಲ್ಡ್ ಎನ್ನುತ್ತಾರೆ. ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಯಂತ್ರ ಅಚ್ಚಿನೊಳಗೆ ಒತ್ತುತ್ತದೆ. ತುಂಬುವುದಕ್ಕೆ ಕೆಲವೇ ಸೆಕೆಂಡು ಸಾಕು. ಉಳಿದ ಸಮಯವೆಲ್ಲ ಹೆಚ್ಚಾಗಿ ಅದು ಆರಿ ಗಟ್ಟಿಯಾಗುವುದನ್ನು ಕಾಯುವುದರಲ್ಲೇ ಹೋಗುತ್ತದೆ. ವಸ್ತುವಿನ ದಪ್ಪ ಎರಡರಷ್ಟಾದರೆ ಆರುವ ಸಮಯ ಸುಮಾರು ನಾಲ್ಕರಷ್ಟಾಗುತ್ತದೆ.

ಒಂದು ಲೆಕ್ಕ ಮಾಡೋಣ. 8 ಗಂಟೆಯ ಪಾಳಿಯೆಂದರೆ 28,800 ಸೆಕೆಂಡು. ಒಂದು ವಸ್ತುವಿಗೆ 40 ಸೆಕೆಂಡು ಹಿಡಿದರೆ 720 ವಸ್ತು ಬರುತ್ತವೆ. 30 ಸೆಕೆಂಡಿಗೆ ಇಳಿದರೆ 960. ಅದೇ ಯಂತ್ರ, ಅದೇ ಕೆಲಸಗಾರರು, 240 ಹೆಚ್ಚು. ಸಣ್ಣ ಕಾರ್ಖಾನೆಗೆ ಲಾಭ ನಷ್ಟದ ಗೆರೆ ಇಲ್ಲಿಯೇ ಇದೆ.

ಬೇಗ ಆರಲೆಂದು ಅಚ್ಚಿನಲ್ಲಿ ತೂತು ಕೊರೆದು ನೀರು ಹರಿಸುತ್ತಾರೆ. ಆದರೆ ಡ್ರಿಲ್ ನೇರಕ್ಕೆ ಹೋಗುತ್ತದೆಯೇ ಹೊರತು ತಿರುಗುವುದಿಲ್ಲ. ಮೂಲೆ, ಬಾಗು, ಆಳವಿರುವ ಕಡೆ ನೀರು ಹತ್ತಿರ ಬರುವುದಿಲ್ಲ. ಅಲ್ಲಿ ಬಿಸಿ ಉಳಿದು ವಸ್ತು ಸೊಟ್ಟಗಾಗುತ್ತದೆ. ಇಲ್ಲಿ 3ಡಿ ಪ್ರಿಂಟಿಂಗ್ ನೆರವಿಗೆ ಬರುತ್ತದೆ. ನುಣ್ಣನೆಯ ಉಕ್ಕಿನ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದಷ್ಟು ಜಾಗವನ್ನು ಮಾತ್ರ ಲೇಸರ್‌ನಿಂದ ಕರಗಿಸಿ, ಮತ್ತೆ ಪುಡಿ ಹರಡುತ್ತಾರೆ. ಒಂದು ಪದರ 40 ಮೈಕ್ರಾನ್ ಎಂದರೆ 25 ಪದರ ಸೇರಿ 1 ಮಿಲಿಮೀಟರ್. ಹೀಗೆ ಕಟ್ಟುತ್ತಾ ಹೋದರೆ ಒಳಗಿನ ನೀರಿನ ದಾರಿಯನ್ನು ವಸ್ತುವಿನ ಮೈಗೆ ಒತ್ತಿಕೊಂಡಂತೆ ಬಳಸಿ ಒಯ್ಯಬಹುದು. ಇದಕ್ಕೆ ಕನ್ಫಾರ್ಮಲ್ ಕೂಲಿಂಗ್ ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿ 1990ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ನೋಡಿದ್ದರು. ಆ ದಾರಿ ಎಲ್ಲಿ ತಿರುಗಬೇಕು, ವಸ್ತುವನ್ನು ಹೊರದೂಡುವ ಪಿನ್ನುಗಳಿಗೆ ತಾಗದೆ ಹೇಗೆ ಹೋಗಬೇಕು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ.

ಈಗ ತಪ್ಪಿನ ವಿಷಯ. ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಡಬ್ಬಿಯೊಂದರ ಅಚ್ಚಿನಲ್ಲಿ ಬಿಸಿ ನಿಲ್ಲುವ ಭಾಗವನ್ನು ನಾನು ವಿನ್ಯಾಸ ಮಾಡಿಕೊಟ್ಟೆ. ಮೂಲೆಯ ಹತ್ತಿರ ದಾರಿಯನ್ನು ಎರಡು ಕವಲು ಮಾಡಿ, ಮುಂದೆ ಮತ್ತೆ ಕೂಡಿಸಿದ್ದೆ. ಪರದೆಯ ಮೇಲೆ ಎಲ್ಲವೂ ತಂಪಾದ ನೀಲಿ ಬಣ್ಣ. ಪ್ರಿಂಟ್ ಆಗಿ ಬಂತು. ನೀರು ಬಿಟ್ಟೆವು, ಆ ಕಡೆಯಿಂದ ಹೊರಬಂತು. ಎಲ್ಲರಿಗೂ ಖುಷಿ. ಮೊದಲ ಟ್ರಯಲ್‌ನಲ್ಲೇ ಡಬ್ಬಿಯ ಒಂದು ಮೂಲೆ ಸೊಟ್ಟ. ‘ನನ್ನ ಲೆಕ್ಕ ಸರಿಯಾಗಿದೆ, ಪ್ರಿಂಟ್ ಮಾಡಿದವರದ್ದೇ ತಪ್ಪು’ ಎಂದುಬಿಟ್ಟೆ.

ಅಲ್ಲಿ ವಯಸ್ಸಾದ ಫಿಟ್ಟರ್ ಒಬ್ಬರಿದ್ದರು. ಡ್ರಾಯಿಂಗ್ ನೋಡಿ ಕೇಳಿದರು:

‘ಸಾರ್, ಊರಲ್ಲಿ ತೋಟಕ್ಕೆ ನೀರು ಕಟ್ಟಿದ್ದೀರಾ?’

‘ಕಟ್ಟಿದ್ದೀನಿ.’

‘ಕಾಲುವೆ ಎರಡಾದ ಕಡೆ ಒಂದಕ್ಕೆ ಮಣ್ಣು ಬಿದ್ರೆ?’

‘ನೀರೆಲ್ಲ ಇನ್ನೊಂದ್ರಲ್ಲಿ ಹೋಗುತ್ತೆ.’

‘ಇಲ್ಲೂ ಅದೇ ಆಗಿರಬಹುದಲ್ವಾ ಸಾರ್?’

ವೈರ್‌ಕಟ್ ಯಂತ್ರದಲ್ಲಿ ಸೀಳಿ ನೋಡಿದೆವು. ಒಂದು ಕವಲಿನಲ್ಲಿ ಪುಡಿ ಉಳಿದುಕೊಂಡು, ಉಕ್ಕನ್ನು ಗಟ್ಟಿ ಮಾಡಲು ಕಾಯಿಸಿದಾಗ ಕಲ್ಲಿನಂತೆ ಕೂತಿತ್ತು. ನೀರು ಇನ್ನೊಂದು ಕವಲಿನಿಂದ ಹೊರಬರುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಪುಡಿ ಹೊರಬರಲಾಗದಂಥ ದಾರಿ ಮಾಡಿದವನು ನಾನೇ. ಇದೇ ಶಾಲೆಗೆ ಬರುತ್ತಿದ್ದಾಗ ಬೆಳಗಿನ ಕರೆಂಟಿಗೆ ಕಾದು, ತೋಟಕ್ಕೆ ನೀರು ಕಟ್ಟಿ, ಕೆಸರುಗಾಲಲ್ಲಿ ಪ್ರಾರ್ಥನೆಗೆ ತಡವಾಗಿ ಬಂದು ಮೇಷ್ಟ್ರ ಹತ್ತಿರ ಬೈಸಿಕೊಂಡವನು ನಾನು. ಅಷ್ಟು ಗೊತ್ತಿದ್ದೂ ಕಂಪ್ಯೂಟರ್ ಮುಂದೆ ಮರೆತಿದ್ದೆ. ಮಾಲೀಕರು ಗಿರಾಕಿಗೆ ಫೋನ್ ಮಾಡಿ ಇನ್ನೂ ಮೂರು ವಾರ ಸಮಯ ಕೇಳಿಕೊಂಡಾಗ ನಾನು ಎದುರಿಗೇ ಕುಳಿತಿದ್ದೆ.

ಎರಡನೆಯ ಸಲ ಕವಲಿಲ್ಲದ ಒಂದೇ ದಾರಿ ಮಾಡಿದೆ. ಪ್ರಿಂಟ್ ಆಗುವಾಗ ದಾರಿಯ ಮೇಲ್ಭಾಗ ಕುಸಿಯದಿರಲೆಂದು ಅದಕ್ಕೆ ನೀರಿನ ಹನಿಯ ಆಕಾರ ಕೊಟ್ಟೆ. ಕಾಯಿಸುವ ಮೊದಲೇ ಪುಡಿಯನ್ನೆಲ್ಲ ತೆಗೆದು, ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆಂದು ಅಳೆದು ಲೆಕ್ಕಕ್ಕೆ ತಾಳೆ ನೋಡಿದೆವು. ಡಬ್ಬಿ ನೆಟ್ಟಗೆ ಬಂತು. ಈಗ ನಮ್ಮ ಸಾಫ್ಟ್‌ವೇರ್‌ನಲ್ಲಿ ಯಾರಾದರೂ ಕವಲು ಹಾಕಿದರೆ ಎಚ್ಚರಿಕೆ ಬರುತ್ತದೆ. ಅದು ಆ ಫಿಟ್ಟರ್ ಕೇಳಿದ ಪ್ರಶ್ನೆಯೇ.

ಎಲ್ಲ ಅಚ್ಚಿಗೂ ಇದು ಬೇಕಿಲ್ಲ. ಚಪ್ಪಟೆ ವಸ್ತುವಿಗೆ ಡ್ರಿಲ್ ತೂತೇ ಸಾಕು. ಪ್ರಿಂಟ್ ಮಾಡಿದ ಉಕ್ಕು ದುಬಾರಿ, ಹಾಗಾಗಿ ಬಿಸಿ ನಿಲ್ಲುವ ಭಾಗವನ್ನಷ್ಟೇ ಪ್ರಿಂಟ್ ಮಾಡಿಸುತ್ತಾರೆ. ನೀರೂ ಶುದ್ಧವಾಗಿರಬೇಕು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅಚ್ಚಿನೊಳಗೂ ಅದೇ ಕಟ್ಟುತ್ತದೆ. ಬಾಗಿದ ದಾರಿಗೆ ಕಂಬಿ ಹಾಕಿ ಕೆರೆಯಲು ಆಗುವುದಿಲ್ಲ.

ಮಕ್ಕಳೇ, ಎಸ್ಸೆಸ್ಸೆಲ್ಸಿ ಆದಮೇಲೆ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಓದಬಹುದು. ಅಚ್ಚು ಮಾಡುವ ಕೈಗಳು ಅಲ್ಲಿ ತಯಾರಾಗುತ್ತವೆ. ಬಿ.ಇ. ಓದಿದವರು ಅವರಿಗಿಂತ ಮೇಲು ಎಂದು ಭಾವಿಸಬೇಡಿ. ನಾನು ಹಾಗೆ ಭಾವಿಸಿದ್ದಕ್ಕೆ ತೆತ್ತ ಬೆಲೆಯನ್ನು ಈಗ ಕೇಳಿದಿರಿ. ಮನೆಯಲ್ಲಿ, ಹೊಲದಲ್ಲಿ ಮಾಡುವ ಕೆಲಸವೂ ಪಾಠವೇ. ಅದನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರಬೇಡಿ.

ಅಂದು ನನ್ನ ಕೆಸರುಗಾಲು ನೋಡಿ ಬೈದ ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಬೈದ ಮೇಲೆ ‘ಹೋಗು, ಕಾಲು ತೊಳ್ಕೊಂಡು ಬಂದು ಕೂತ್ಕೋ’ ಎಂದು ಒಳಗೆ ಸೇರಿಸಿಕೊಳ್ಳುತ್ತಿದ್ದವರೂ ಅವರೇ.