ಕಡತದ ಬಾಗಿಲಲ್ಲಿ ಭದ್ರತೆಯ ಮಾತುಕತೆ



ಮಗ್ಗವನ್ನು ನಂಬಿ ಬಾಳಿದ ನಮ್ಮ ಕೊಯಮತ್ತೂರು ಸೀಮೆಯ ಕನ್ನಡ ಮನೆಗಳ ಮಕ್ಕಳು ಇಂದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ವಿನ್ಯಾಸ, ಲೆಕ್ಕ, ಕೂಲಿಪಟ್ಟಿ ಎಲ್ಲವೂ ಕಡತಗಳಾಗಿವೆ. ಒಂದೆಡೆ ಇರಿಸಿದ ಕಡತವನ್ನು ಹಲವು ಯಂತ್ರಗಳಿಂದ ತೆರೆಯಲೆಂದು 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಎನ್‌ಎಫ್‌ಎಸ್ ವ್ಯವಸ್ಥೆಯನ್ನು ರೂಪಿಸಿತು. ಆಗ, ಕೇಳುವ ಯಂತ್ರವು ‘ಇವನು ಇಂಥವನು’ ಎಂದರೆ ಸರ್ವರ್ ನಂಬಿಬಿಡುತ್ತಿತ್ತು. ಹೀಗೆ ನಂಬಿ ನೂಲು ಕೊಡುವ ವ್ಯಾಪಾರಿ ಉಂಟೇ?

2000ದಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯಲ್ಲಿ, ಯಾವ ಭದ್ರತೆ ಬೇಕೆಂದು ಸರ್ವರನ್ನೇ ಕೇಳಬಹುದು. ಅದು ತನಗೊಪ್ಪುವ ವಿಧಾನಗಳನ್ನು ಆದ್ಯತೆಯ ಕ್ರಮದಲ್ಲಿ ತಿಳಿಸುತ್ತದೆ. ಕರ್ಬರೋಸ್‌ನಿಂದ ಗುರುತನ್ನು ದೃಢಪಡಿಸುವುದು ಒಂದು. ದಾರಿಯಲ್ಲಿ ತಿದ್ದಿದರೆ ಪತ್ತೆಯಾಗಿಸುವುದು ಇನ್ನೊಂದು. ಗುಟ್ಟಾಗಿಯೂ ಇಡುವುದು ಮತ್ತೊಂದು. ಅಪಾಯವಿರುವುದು ಈ ಪಟ್ಟಿಯಲ್ಲಿಯೇ. ನಡುವೆ ನಿಂತ ವಂಚಕನು ಬಲವಾದ ಹೆಸರುಗಳನ್ನು ಅಳಿಸಿದರೆ, ಉಳಿದ ದುರ್ಬಲವಾದುದನ್ನೇ ಯಂತ್ರ ಒಪ್ಪಿಬಿಡುವುದು. ಆದಕಾರಣ ಈ ಪ್ರಶ್ನೋತ್ತರವೂ ತಿದ್ದುವಿಕೆ ಪತ್ತೆಯಾಗುವ ವಿಧಾನದಲ್ಲಿಯೇ ನಡೆಯಬೇಕು.

ಪರೀಕ್ಷಿಸುವವರು ಕಡತ ತೆರೆಯಿತೆಂದೊಡನೆ ತೃಪ್ತರಾಗುತ್ತಾರೆ; ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ಬೇಕೆಂದೇ ದುರ್ಬಲ ವಿಧಾನದಿಂದ ಹೋಗಿ, ಸರ್ವರ್ ತಿರಸ್ಕರಿಸುವುದನ್ನು ಕಣ್ಣಾರೆ ಕಾಣಬೇಕು. ಪಟ್ಟಿಯನ್ನು ನಡುದಾರಿಯಲ್ಲಿ ತಿದ್ದಿ, ಕೇಳಿದ ಯಂತ್ರವು ಅದನ್ನು ಒಪ್ಪದೆ ನಿಲ್ಲುವುದೇ ಎಂದು ನೋಡಬೇಕು. ಶಾಲೆಯ ಅಂಕಪಟ್ಟಿಗಳೂ ಇಂಥ ಸರ್ವರಿನಲ್ಲಿ ಸೇರುವ ಕಾಲವಿದು. ಮೇಲಿನ ತರಗತಿಯವರು ಎರಡು ಹಳೆಯ ಯಂತ್ರಗಳಲ್ಲಿಯೇ ಇದನ್ನು ಮಾಡಿನೋಡಬಹುದು. ಬೇಕಾದ ತಂತ್ರಾಂಶವೆಲ್ಲ ಲಿನಕ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತದೆ.